ಹೊರಡುವಾಗಿನ ಮಾತು

ಹೆಂಡತಿಗೆ ತಲೆ ಕೆಟ್ಟಿದೆಯೆಂದು ಅವನೇ ಅವಳನ್ನು ಆಪ್ತಸಮಾಲೋಚಕಿಯ ಬಳಿ ಕರೆತಂದಿದ್ದ.

“ನೆರಳಿನ ಹಾಗೆ ಹಿಂದೆಹಿಂದೇ ಬರ್ತಾಳೆ ಮೇಡಂ. ಟೆರೇಸಿಗೆ ಹೋದ್ರೂ ಬಂದು ಪಕ್ಕದಲ್ಲಿ ನಿಲ್ತಾಳೆ. ನನಗಂತೂ ಸಾಕಾಗಿಹೋಗಿದೆ.”

“ಯಾಕಮ್ಮಾ?” ಎಂದು ಸಮಾಲೋಚಕಿ ಹೆಂಡತಿಯನ್ನು ಕೇಳಿದರು.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮೊದಲೆಲ್ಲ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಅಂತಿದ್ರು. ಈಗೀಗ ಬರೀ ‘ಹೋಗ್ತೀನಿ’ ಅಂತಾರೆ.”

ಅವನು ಜೋರಾಗಿ ನಕ್ಕ. “ಕೇಳಿದ್ರಾ? ಇಷ್ಟಕ್ಕೇ ಇವಳು ಊಟ ನಿದ್ದೆ ಬಿಟ್ಟಿರೋದು! ಇಲ್ಲಿಗೆ ವಾರವಾರ ಬಂದು ಮಾತಾಡಿದ್ರೆ ಇದೆಲ್ಲ ವಾಸಿಯಾಗುತ್ತಾ?”

ಸಮಾಲೋಚಕಿಯೂ ನಕ್ಕರು. “ಸಣ್ಣ ಮಾತು ತಾನೇ ಸರ್? ಅವರ ಸಮಾಧಾನಕ್ಕೆ ಈಗ ಒಂದ್ಸಲ ಅಂದ್ಬಿಡಿ.”

“ಅದಕ್ಕೇನಂತೆ!” ಅವನು ಹೆಂಡತಿಯ ಕಡೆ ತಿರುಗಿದ. “ಹೋಗಿ...”

ಅವಳು ಅವನನ್ನೇ ನೋಡುತ್ತಿದ್ದಳು. ಅವನ ನಗು ಇನ್ನೂ ಮುಖದ ಮೇಲೇ ಇತ್ತು. ಮುಂದಿನ ಮಾತು ಬರಲೇ ಇಲ್ಲ.

ಸಮಾಲೋಚಕಿ ತಮ್ಮ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು.

“ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮಾ.”