ಕಡಬಕ್ಕೆ ಹೋದ ಚುಕ್ಕೆ

ಮೊಬೈಲಿನ ನಕ್ಷೆಯಲ್ಲಿ ಹಸಿರು ಚುಕ್ಕೆ ನಿಂತಿಕಲ್ಲಿನಲ್ಲಿ ನಿಂತಿತು. ತಿರುಮಲೇಶ್ವರ ಗಡಿಯಾರ ನೋಡಿದರು. ಎರಡು ನಿಮಿಷ. ಮತ್ತೆ ಹೊರಟಿತು. ಅರ್ಧ ಕಿಲೋಮೀಟರು ಹೋಗಿ ಮತ್ತೆ ನಿಂತಿತು.

"ನೆರಳು ಕಂಡಲ್ಲೆಲ್ಲ ನಿಲ್ಲಿಸ್ತಾನೆ, ಬೇವರ್ಸಿ," ಎಂದು ಅವರು ಮೊಬೈಲಿಗೇ ಬೈದರು.

ಆ ಚುಕ್ಕೆ ಪುತ್ತೂರಿನ ಕಾವಲು ಕಂಪನಿಯೊಂದರ ಗಸ್ತು ಜೀಪು. ಬೆಳ್ಳಾರೆ ಆಸುಪಾಸಿನ ಮೂವತ್ತು ಮನೆಯವರು ಸೇರಿ ಅದನ್ನು ಗೊತ್ತುಮಾಡಿಕೊಂಡಿದ್ದರು. ಮನೆಗೆ ಬೀಗ ಹಾಕಿ ಮದುವೆಗೋ ಮುಂಜಿಗೋ ಹೋದಾಗ ಜೀಪು ಬಂದು ಸುತ್ತು ಹಾಕಬೇಕು. ಜೀಪು ಎಲ್ಲಿದೆ ಎಂದು ಯಾವ ಗಿರಾಕಿಯಾದರೂ ತನ್ನ ಮೊಬೈಲಿನಲ್ಲಿ ನೋಡಬಹುದು. ಉಳಿದವರು ಒಂದು ವಾರ ನೋಡಿ ಬೇಸತ್ತು ಬಿಟ್ಟರು. ತಿರುಮಲೇಶ್ವರ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಫೆಬ್ರವರಿಯಿಂದ ಈಚೆಗೆ ಸುತ್ತಲಿನ ಮೂರು ಮನೆಗಳ ತಾರಸಿಯಿಂದ, ಒಣಗಲು ಹರಡಿದ್ದ ಕಾಳುಮೆಣಸು, ಊರಿನವರ ಮಾತಿನಲ್ಲಿ ಒಳ್ಳೆಮೆಣಸು, ಮಾಯವಾಗಿತ್ತು. ಮೂರು ಸಲವೂ ಮನೆಯವರು ಮದುವೆಯಲ್ಲಿದ್ದರು. ಮೂರು ಸಲವೂ ಜೀಪು ಎಲ್ಲೋ ದೂರದಲ್ಲಿತ್ತು. ಡ್ರೈವರ್ ಉದಯನೇ ಕಳ್ಳನಿಗೆ ಸುಳಿವು ಕೊಡುವವನು ಎಂದು ತಿರುಮಲೇಶ್ವರ ಊರಿಡೀ ಹೇಳಿಕೊಂಡು ಬಂದರು. ಇನ್ನು ತನ್ನ ಮನೆಯ ಸರದಿ ಎಂದೂ ಸೇರಿಸಿದರು.

ಹೋದ ವಾರ ಕೌಸಲ್ಯಾ ಬಂದಿದ್ದರು. ಪುತ್ತೂರಿನ ಕಚೇರಿಯಲ್ಲಿ ಕೂತು ಜೀಪುಗಳ ಮೇಲೆ ಕಣ್ಣಿಡುವ ಮೇಲ್ವಿಚಾರಕಿ ಆಕೆ. ಅವರ ಎದುರಿಗೇ ತಿರುಮಲೇಶ್ವರ ಉದಯನನ್ನು ಅಂಗಳದಲ್ಲಿ ನಿಲ್ಲಿಸಿ ಜಾಡಿಸಿದರು.

"ಕಳ್ಳನಿಗೆ ಫೋನು ಮಾಡುದು ನೀನೇ ಅಲ್ವನಾ?"

"ಕಳ್ಳನಿಗೆ ಜೀಪಿನವನ ಸಹಾಯ ಇದ್ರೆ ತಾರಸಿಯೇ ಖಾಲಿ ಆಗ್ತಿತ್ತು ಮಾರಾಯ್ರೆ," ಎಂದ ಉದಯ. "ಪ್ರತಿ ಸಲ ಹೋದದ್ದು ಎರಡು ಗೋಣಿಯಷ್ಟು ಮಾತ್ರ. ಬಾಕಿದ್ದೆಲ್ಲ ಅಲ್ಲಿಯೇ ಉಂಟು. ಅದು ಯಾಕೆ?"

"ಬಾಯಿ ಮುಚ್ಚು! ಮೇಡಂ, ಇವನನ್ನು ತೆಗೀತೀರೋ, ನಾವು ಮೂವತ್ತು ಮನೆಯವರು ನಿಮ್ಮನ್ನು ಬಿಡುದೋ?"

ಜೀಪಿನೊಳಗೆ ಅಯಸ್ಕಾಂತದಿಂದ ಅಂಟಿಸಿದ್ದ ಪುಟ್ಟ ಜಿಪಿಎಸ್ ಡಬ್ಬಿಯನ್ನು ಕೌಸಲ್ಯಾ ತೋರಿಸಿದರು. "ನಮಗೆ ಜೀಪು ಅಂದ್ರೆ ಈ ಡಬ್ಬಿ ಸಾರ್. ಇದು ಎಲ್ಲಿ ಉಂಟೋ ಜೀಪು ಅಲ್ಲಿ. ಇನ್ನೊಂದು ಕಳವು ಆಗಲಿ, ಇವನಿಗೆ ಕೆಲಸ ಇಲ್ಲ."

ಉದಯನ ಮುಖ ಕಪ್ಪಿಟ್ಟಿತು. ಮನೆಯಲ್ಲಿ ಎರಡು ತಿಂಗಳ ಕೂಸು, ಕೈಯಲ್ಲಿ ಬೇರೆ ಕೆಲಸವಿಲ್ಲ. ಆ ಮುಖ ನೋಡಿ ತಿರುಮಲೇಶ್ವರರಿಗೆ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಬಹಳವೇ ಖುಷಿಯಾಯಿತು.

ಇವತ್ತು ಪಾತುಮ್ಮನವರ ಮನೆಗೆ ಬೀಗ. ಸುಳ್ಯದಲ್ಲಿ ಅಣ್ಣನ ಮಗಳ ಮದುವೆ. ನೆರೆಮನೆಗೆ ಒಂದು ಮಾತು ಹೇಳದೆ ಊರು ಬಿಡುವ ಕ್ರಮ ಈ ಕಡೆ ಇಲ್ಲ, ನೆರೆಮನೆ ಅರ್ಧ ಮೈಲಿ ದೂರವಿದ್ದರೂ. ಬೆಳಿಗ್ಗೆ ಪಾತುಮ್ಮ ಕಾರನ್ನು ತಿರುಮಲೇಶ್ವರರ ಗೇಟಿನಲ್ಲಿ ನಿಲ್ಲಿಸಿದ್ದರು.

"ತಾರಸಿಯಲ್ಲಿ ಒಳ್ಳೆಮೆಣಸು ಉಂಟು. ಒಂಚೂರು ನೋಡಿಕೊಳ್ಳಿ, ಆಯ್ತಾ?"

"ನೀವು ಧೈರ್ಯದಲ್ಲಿ ಹೋಗಿ. ನಾನು ಇಲ್ವಾ?"

ಚುಕ್ಕೆ ಪಂಜ ದಾಟಿತು. ತಿರುಮಲೇಶ್ವರ ಕೌಸಲ್ಯಾರಿಗೆ ಫೋನು ಹಚ್ಚಿದರು.

"ನಿಮ್ಮ ಉದಯ ಕಡಬಕ್ಕೆ ಸವಾರಿ ಹೊರಟಿದ್ದಾನೆ. ಹದಿಮೂರು ಕಡೆ ನಿಲ್ಲಿಸಿದ, ನಾನು ಲೆಕ್ಕ ಇಟ್ಟಿದ್ದೇನೆ. ಪಾತುಮ್ಮನ ಮನೆಯಲ್ಲಿ ಎಂತಾದ್ರೂ ಆದ್ರೆ ನಿಮ್ಮನ್ನು ಬಿಡುದಿಲ್ಲ."

"ನಾನು ಸಹ ನೋಡ್ತಾ ಇದ್ದೇನೆ ಸಾರ್," ಎಂದರು ಕೌಸಲ್ಯಾ, ಮೆಲುದನಿಯಲ್ಲಿ.

ಇವತ್ತು ಆ ಡ್ರೈವರನ ಕಥೆ ಮುಗಿಯಬೇಕು. ತಿರುಮಲೇಶ್ವರ ಸ್ಕೂಟರು ಹೊರತೆಗೆದರು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಸೀಟು ಕಾದ ಕಾವಲಿಯಂತಾಗಿತ್ತು. ಎರಡು ಗೋಣಿ ಮಡಚಿ ಹಾಸಿ ಅದರ ಮೇಲೆ ಕೂತರು.

ಪಾತುಮ್ಮನವರ ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ಇನ್ನೊಮ್ಮೆ ಮೊಬೈಲು ನೋಡಿದರು. ಚುಕ್ಕೆ ಕಡಬದ ಪೇಟೆಯೊಳಗೆ ಇತ್ತು. ಚಪ್ಪಲಿ ಕಳಚಿಟ್ಟು, ಸದ್ದಿಲ್ಲದೆ ಹೊರಗಿನ ಮೆಟ್ಟಿಲು ಹತ್ತಿದರು.

ತಾರಸಿಯಲ್ಲಿ, ಹರಡಿದ ಒಳ್ಳೆಮೆಣಸಿನ ಪಕ್ಕದಲ್ಲಿ, ಉದಯ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ತಿರುಮಲೇಶ್ವರ ಒಂದು ಮೆಟ್ಟಿಲು ಹಿಂದೆ ಸರಿದರು. ಮರುಕ್ಷಣ ಹಿಗ್ಗು ಉಕ್ಕಿ ಬಂತು.

"ಸಿಕ್ಕಿಬಿದ್ದೆಯಾ! ಜೀಪು ಕಡಬದಲ್ಲಿ, ನೀನು ಇಲ್ಲಿ!"

"ಜೀಪು ಪುತ್ತೂರಿನಲ್ಲಿ ಉಂಟು. ಕಡಬಕ್ಕೆ ಹೋದದ್ದು ಡಬ್ಬಿ ಮಾತ್ರ," ಎಂದ ಉದಯ. "ಬೆಳ್ಳಾರೆಯಲ್ಲಿ ಬಸ್ಸಿನ ಸೀಟಿನ ಅಡಿಗೆ ಅಂಟಿಸಿ ಬಂದೆ. ಬಸ್ಸು ಹದಿಮೂರು ಕಡೆ ನಿಲ್ಲದೆ ಇರ್ತದಾ?"

"ಕಳ್ಳ! ಬಾಯಿ ಬಿಟ್ಟು ಒಪ್ಪಿಕೊಂಡೆಯಲ್ಲ!" ತಿರುಮಲೇಶ್ವರ ಮತ್ತೆ ಕೌಸಲ್ಯಾರ ನಂಬರು ಒತ್ತಿದರು.

ನೀರಿನ ಟಾಂಕಿಯ ಹಿಂದೆ ಫೋನು ರಿಂಗಾಯಿತು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಕೌಸಲ್ಯಾ ಈಚೆ ಬಂದರು.

"ಬಂದಿದ್ದೀರಾ ಮೇಡಂ! ಸರಿಯಾಯ್ತು. ಹಿಡೀರಿ ಇವನನ್ನು!"

"ಜೀಪನ್ನು ನೀವು ಮೊಬೈಲಿನಲ್ಲಿ ನೋಡಿದ ಹಾಗೆ, ನೀವು ಎಷ್ಟು ಸಲ ನೋಡಿದ್ರಿ ಅಂತ ಕಚೇರಿಯಲ್ಲಿ ನಮಗೂ ಕಾಣ್ತದೆ ಸಾರ್," ಎಂದರು ಆಕೆ. "ಕಳವಾದ ಮೂರು ದಿನವೂ ಮೂವತ್ತು ಮನೆಯಲ್ಲಿ ನೋಡಿದವರು ನೀವೊಬ್ಬರೇ."

"ನೋಡಿದ್ರೆ ಎಂತ? ಕಾವಲು ಕಾಯುದು ತಪ್ಪಾ? ಪಾತುಮ್ಮ ಹೇಳಿ ಹೋಗಿದ್ದಾಳೆ, ಕಳ್ಳನನ್ನು ಹಿಡಿಯಲಿಕ್ಕೆ ಬಂದವ ನಾನು!"

ಸ್ಕೂಟರು ಅಂಗಳಕ್ಕೆ ಬಂದದ್ದನ್ನು ತಾರಸಿಯ ಅಂಚಿನಿಂದಲೇ ನೋಡಿದ್ದ ಉದಯ ನಿಧಾನವಾಗಿ ಎದ್ದ. ತಿರುಮಲೇಶ್ವರರ ಕಂಕುಳನ್ನೇ ನೋಡುತ್ತ ಕೇಳಿದ:

"ಹಾಗಾದ್ರೆ ಸ್ಕೂಟರಿನ ಸೀಟಿಗೆ ಹಾಸಿದ ಆ ಎರಡು ಗೋಣಿ ಇಲ್ಲಿಗೆ ಎಂತಕ್ಕೆ ತಂದದ್ದು ಮಾರಾಯ್ರೆ?"