ಹಾರ ಹಾಕದ ಫೋಟೋ

ಕ್ರಿಸ್‌ಮಸ್ ರಜೆ ಶುರುವಾದ ದಿನಾನೇ ತಾತ ಮೊಮ್ಮಗಳಿಗೆ ಅಂತ ನಾಯಿಮರಿ ತಂದ. "ಪಾಪ, ನಿನ್ ಥರಾನೇ ಇದಕ್ಕೂ ಅಮ್ಮ ಸತ್ತೋಗೈತೆ ಕಣವ್ವ," ಅಂದ. ಆಮೇಲೆ ಮೂವರದ್ದೂ ಸುತ್ತಾಟವೇ ಸುತ್ತಾಟ. ಕೆರೆ ಏರಿ, ಪಾರ್ಕು, ಅವರೆಕಾಯಿ ಸಂತೆ, ಒಂದೂ ಬಿಡ್ಲಿಲ್ಲ. ಬೇಕರಿ ಬೀದಿಗೆ ಮಾತ್ರ ಮುದುಕ ಅಪ್ಪಿತಪ್ಪಿಯೂ ಕಾಲಿಡ್ಲಿಲ್ಲ.

ರಜೆಯ ಕೊನೇ ದಿನ ಮರಿ ಹಗ್ಗ ಕಿತ್ಕೊಂಡು ಅಲ್ಲಿಗೇ ಓಡ್ತು. ಒಂದು ಬೀದಿನಾಯಿ ಅದರ ಮೈಯೆಲ್ಲಾ ನೆಕ್ಕಿ, ಮಲಗಿ ಹಾಲು ಕುಡಿಸ್ತು.

"ಏನ್ ಯಜಮಾನ್ರೇ, ನೀವು ಮರಿ ಎತ್ಕೊಂಡೋದಾಗಿಂದ ತಾಯಿ ಹುಡುಕ್ತಾನೇ ಐತಲ್ಲ!" ಅಂದ ಬೇಕರಿಯವನು.

ಮುದುಕ ತಲೆ ಎತ್ಲಿಲ್ಲ. "ತಾಯಿ ಬದುಕೈತೆ ಅಂದ್ರೆ ನೀನು ಮರೀನ ವಾಪಸ್ ಬಿಡು ಅಂತಿದ್ದೆ. ಅದಕ್ಕೇ ಸುಳ್ಳು ಹೇಳ್ದೆ ಕಣವ್ವ."

ಮೊಮ್ಮಗಳು ಅವನ ಕೈ ಬಿಡಿಸ್ಕೊಂಡ್ಳು.

"ಅದಕ್ಕೇನಾ ತಾತ, ಅಜ್ಜಿ ಫೋಟೋಗೆ ಹಾರ ಹಾಕಿದ್ದೀಯ, ನಮ್ಮಮ್ಮನ ಫೋಟೋಗೆ ಹಾಕಿಲ್ಲ?"