ಏಳು ಪಟ್ಟಿಯ ಪಾಪಚ್ಚಿ

ಆರು ಪಟ್ಟಿಯದಕ್ಕೂ ಎಂಟು ಪಟ್ಟಿಯದಕ್ಕೂ ನಡುವೆ, ಹಾಲುಹಲ್ಲು ಬಿದ್ದ ಬಾಯಿಯಂತೆ ಒಂದು ಸಂದಿ ಉಳಿದಿತ್ತು. ವಸ್ತುಸಂಗ್ರಹಾಲಯದ ಹಿಂಬದಿ ಕೋಣೆಯಲ್ಲಿ ಮಗಳು ಕಪ್ಪು ಬಟ್ಟೆ ಹಾಸಿದ ತಟ್ಟೆಯ ಮೇಲೆ ಒಂದೇ ಜಾತಿಯ ಟ್ರೈಲೊಬೈಟುಗಳನ್ನು ಮರಿಯಿಂದ ದೊಡ್ಡದರವರೆಗೆ ಸಾಲಾಗಿ ಕೂರಿಸಿದ್ದಳು. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲತಳದಲ್ಲಿ ತೆವಳಾಡಿ, ವಂಶವೇ ಅಳಿದು, ಕಲ್ಲಲ್ಲಿ ಕಲ್ಲಾಗಿ ಉಳಿದ ಚಿಪ್ಪುಜೀವಿಗಳು. ಸಾಲಿನ ಮೊದಲನೆಯದು ಗಸಗಸೆಯಷ್ಟೇ ಇದ್ದ ಒಂದು ಬಟ್ಟು. ಮೈಮೇಲೆ ಪಟ್ಟಿಯೇ ಇಲ್ಲ. ಅಲ್ಲಿಂದ ಮುಂದೆ ಚಿಪ್ಪು ಕಳಚಿದ ಹಾಗೆಲ್ಲ ಬಾಲದ ಕಡೆಯಿಂದ ಒಂದೊಂದು ಪಟ್ಟಿ ಬಿಡಿಸಿಕೊಂಡು ಬೆನ್ನಿಗೆ ಸೇರುತ್ತದೆ. ಹದಿಮೂರಾದರೆ ಪ್ರಾಯ ಬಂದಂತೆ. ಆಮೇಲೆ ಮೈ ಬೆಳೆದರೂ ಪಟ್ಟಿ ಹೆಚ್ಚುವುದಿಲ್ಲ.

ಏಳು ಪಟ್ಟಿಯದು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಕೋಣೆಯಲ್ಲಿ ಬೀಗವಿದ್ದ ಡ್ರಾಯರ್ ಒಂದೇ. ಅದರೊಳಗೆ ಹತ್ತಿಯ ಹಾಸಿಗೆ, ಹಾಸಿಗೆಯ ಮೇಲೆ ಗೋಧಿಕಾಳಿನಷ್ಟು ಕಲ್ಲು, ಪಕ್ಕದಲ್ಲಿ ಅಪ್ಪನ ಕೈಬರಹದ ಚೀಟಿ. ನಲವತ್ತು ವರ್ಷ ಇಲ್ಲಿ ಕಲ್ಲು ಕೆರೆದ ಅಪ್ಪ ಕಂಡುಹಿಡಿದ ಹೊಸ ಜಾತಿ ಇದೊಂದೇ. ಮಗಳು ಹುಟ್ಟಿದ ವಾರವೇ ಸಿಕ್ಕಿತೆಂದು ಅವಳ ಮುದ್ದಿನ ಹೆಸರನ್ನೇ ಇಟ್ಟುಬಿಟ್ಟಿದ್ದ. ದೂರದ ಪಂಡಿತರು ‘ಪಾಪಚ್ಚಿ’ ಎನ್ನಲು ನಾಲಗೆ ಹೊರಳದೆ ‘ಪಪಾಕಿ, ಪಪಾಕಿ’ ಎಂದು ತಿಣುಕುವುದನ್ನು ಅಪ್ಪ ಮೂಗಿನಲ್ಲಿ ಮಾತಾಡಿ ತೋರಿಸಿದರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಮಗಳು ಚಿಮಟದಲ್ಲಿ ಅದನ್ನೆತ್ತಿ ಸಂದಿಯಲ್ಲಿಟ್ಟಳು. ಕರ್ಚೀಫು ಹಾಕಿ ಹಿಡಿದಿಟ್ಟ ಸೀಟಿಗೆ ಬಂದವರಂತೆ ಅದು ನಿರಾಳವಾಗಿ ಕೂತಿತು.

ಭೂತಗನ್ನಡಿಗೆ ಕಣ್ಣು ಕೊಟ್ಟಳು. ಮಧ್ಯಾಹ್ನದ ಬಿಸಿಲು ಕಿಟಕಿಯ ಹಳೆಯ ಗಾಜಿನಲ್ಲಿ ತುಳುಕಿ, ತಟ್ಟೆಯ ಕಪ್ಪು ಬಟ್ಟೆ ನಿಧಾನವಾಗಿ ಕಡಲತಳವಾಯಿತು. ಅಲ್ಲಿ ಏಳು ಪಟ್ಟಿಯ ಪುಟಾಣಿಯೊಂದು ತಲೆಚಿಪ್ಪಿನ ಹೊಲಿಗೆ ಬಿರಿದು, ಬೆಣ್ಣೆಯಂತೆ ಮೆತ್ತಗಿನ ಮೈಯನ್ನು ಹೊರಗೆಳೆದುಕೊಂಡಿತು. ಹಳೆಯ ಚಿಪ್ಪನ್ನು ಅಲ್ಲೇ ಬಿಟ್ಟು, ಹೊಸದು ಗಟ್ಟಿಯಾಗುವ ತನಕ ಉಸಿರು ಬಿಗಿಹಿಡಿದು ಮರಳಿನಲ್ಲಿ ಕೂತಿತು. ಎಷ್ಟು ಹೊತ್ತೋ. ನೀರು ಅಲುಗಿದಾಗ ಎದ್ದು ಹೊರಟಿತು, ಎಂಟು ಪಟ್ಟಿ ಹೊತ್ತು.

“ಏನು ಪಾಪಚ್ಚಿ, ಕೂತಲ್ಲೇ ನಿದ್ದೆನಾ?”

ನಿವೃತ್ತನಾದರೂ ಮಧ್ಯಾಹ್ನಕ್ಕೊಮ್ಮೆ ಚಹಾದ ಫ್ಲಾಸ್ಕು ಹಿಡಿದು ಬರುವುದನ್ನು ಅಪ್ಪ ಬಿಟ್ಟಿರಲಿಲ್ಲ. ನಲವತ್ತೊಂದರ ಪಾಪಚ್ಚಿ ತಟ್ಟೆಯ ಮೇಲೆ ಅಂಗೈ ಮುಚ್ಚಿದಳು.

“ಪಕ್ಕದವನು ಕಾಪಿ ಹೊಡೀತಾನೆ ಅನ್ನೋ ಹಾಗೆ ಮುಚ್ತೀಯಲ್ಲ.”

“ಅಪ್ಪ, ಕೂತ್ಕೋ.”

“ನಿಂತ್ಕೊಂಡು ಕೇಳೋ ಸುದ್ದಿ ಅಲ್ವಾ?”

ಅವಳ ಸಂಶೋಧನಾ ಪ್ರಬಂಧ ಈ ವಾರ ಅಚ್ಚಿಗೆ ಹೋಗಬೇಕಿತ್ತು. ಅದರಲ್ಲಿ ಬರೆಯಬೇಕಾದ ಸಾಲು ಒಂದೇ: ಏಳು ಪಟ್ಟಿಯದು ಬೇರೆ ಜಾತಿಯಲ್ಲ, ಮಾಮೂಲಿ ಜಾತಿಯ ಮರಿ. ಬರೆದರೆ ಅಪ್ಪನ ಹೆಸರಿಗಿದ್ದ ಒಂದೇ ಒಂದು ಜಾತಿಯೂ ಹೋದಂತೆ. ಕಹಿಸುದ್ದಿಯನ್ನು ಬೇರೆಯವರ ದನಿಯಲ್ಲಿ ಹೇಳುವುದು ಮನೆಯ ಪದ್ಧತಿ. ಅವಳು ಗಂಟಲು ಸರಿಮಾಡಿಕೊಂಡು ಅಪ್ಪ ಇಲ್ಲಿಗೆ ಬರುವ ಹುಡುಗರಿಗೆ ಪಾಠ ಹೇಳುತ್ತಿದ್ದ ದನಿಯನ್ನೇ ತೆಗೆದಳು. “ನೋಡ್ರಪ್ಪಾ, ಒಂಟಿಯಾಗಿ ಸಿಕ್ತು ಅಂತ ಹೊಸದು ಅನ್ನಬೇಡಿ. ಅದರ ಅಕ್ಕ ಯಾರು, ತಂಗಿ ಯಾರು, ವಿಚಾರಿಸಿ...” ಅರ್ಧಕ್ಕೇ ದನಿ ಅವಳದೇ ಆಗಿಬಿಟ್ಟಿತು. ಕೈ ತೆಗೆದಳು.

ಅಪ್ಪ ಭೂತಗನ್ನಡಿಗೆ ಬಗ್ಗಿದ. ತುಟಿ ಅಲುಗಿಸುತ್ತಾ ಆರು, ಏಳು, ಎಂಟು ಎಣಿಸಿದ. ಎಂಟರಿಂದ ಹಿಂದಕ್ಕೂ ಎಣಿಸಿದ.

“ನನ್ನ ಕಾಲಕ್ಕೆ ಈ ಆರು ಸಿಕ್ಕಿರಲಿಲ್ಲ. ಎಂಟೂ ಸಿಕ್ಕಿರಲಿಲ್ಲ.”

“ಗೊತ್ತಪ್ಪ.”

“ಇಷ್ಟೇ ಇವಳ ಎತ್ತರ ಅಂದ್ಕೊಂಡಿದ್ದೆ.”

“ಬರೀದೆ ಬಿಡ್ಲಾ? ಸಾಲಲ್ಲಿ ಒಂದು ಸಂದಿ ಇದ್ರೆ ಯಾರ ಗಂಟೂ ಹೋಗಲ್ಲ.”

“ಬರಿ,” ಎಂದ ಅಪ್ಪ. “ಹಳೇ ಚೀಟಿ ಎಸೀಬೇಡ. ಹೊಸದನ್ನ ಅದರ ಮೇಲಿಡು. ಇಲ್ಲಿಯ ನಿಯಮ ಅದು.” ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಸುರಿಯದೆ ಮತ್ತೆ ಬಿಗಿದ. “ದೊಡ್ಡವಳಾದ ಮೇಲೆ ಇವಳು ಹೇಗಿರ್ತಾಳೆ, ತೋರಿಸು.”

“ಅದನ್ನ ನಿಂಗೆ ತೋರಿಸ್ಬೇಕಾ? ಎಲ್ಲಿ ಅಗೆದ್ರೂ ಸಿಗೋದು ಅದೇ. ಈ ಗೋಡೆಯ ಡ್ರಾಯರ್‌ಗಳ ತುಂಬಾ ಅದೇ ಇರೋದು.”

ಕೈಗೆ ಸಿಕ್ಕ ಡ್ರಾಯರ್ ಎಳೆದು, ಅಂಗೈಯಗಲದ ಕಲ್ಲೊಂದನ್ನು ಅವನ ಕೈಗಿಟ್ಟಳು. ಅಪ್ಪ ಅದನ್ನು ಕಿಟಕಿಯ ಬಳಿಗೆ ಒಯ್ದು ಓರೆಯಾಗಿ ಹಿಡಿದ. ಹದಿಮೂರು ಪಟ್ಟಿಗಳ ಮೇಲೆ ಬೆಳಕು ಮೆಟ್ಟಿಲಿಳಿಯುವಂತೆ ಒಂದೊಂದಾಗಿ ಇಳಿಯಿತು. ಅವನು ತಲೆಯೆತ್ತಲಿಲ್ಲ.

“ನಲವತ್ತು ವರ್ಷ ಇವನ್ನೆಲ್ಲ ಆ ಕಡೆ ತಳ್ಳಿ ತಳ್ಳಿ ಹೊಸದನ್ನ ಹುಡುಕಿದೀನಿ,” ಎಂದ. “ಒಂದನ್ನೂ ಹೀಗೆ ಕೈಯಲ್ಲಿಟ್ಕೊಂಡು ನೋಡಿರಲಿಲ್ಲ.”